ಮಾರಾಟ ಕುಗ್ಗಿದರೂ ಬೆಲೆ ಏಕೆ ಇಳಿಯುತ್ತಿಲ್ಲ? ಬೆಳಗಾವಿಯ ಮನೆ-ನಿವೇಶನ ಮಾರುಕಟ್ಟೆಯ ಒಳಲೆಕ್ಕ

ದೇಶದ ಏಳು ಮಹಾನಗರಗಳಲ್ಲಿ 2025ರಲ್ಲಿ ಮಾರಾಟವಾದ ಮನೆಗಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಕಡಿಮೆಯಾಯಿತು. ಆದರೆ ಮಾರಾಟವಾದ ಮನೆಗಳ ಒಟ್ಟು ಮೌಲ್ಯ ಹೆಚ್ಚಿತು. ಅದೇ ವರ್ಷ ರಿಸರ್ವ್ ಬ್ಯಾಂಕ್ ನಾಲ್ಕು ಬಾರಿ ರೆಪೊ ದರ (ಅದು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ) ಇಳಿಸಿತು. ರಾಜ್ಯ ಸರ್ಕಾರ ಆಸ್ತಿ ನೋಂದಣಿ ಶುಲ್ಕವನ್ನು ದುಪ್ಪಟ್ಟು ಮಾಡಿತು. ಸಿಮೆಂಟ್ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಇ-ಖಾತಾ, ಅಂದರೆ ಆಸ್ತಿಯ ಮಾಲೀಕರು ಮತ್ತು ತೆರಿಗೆಯ ವಿವರವಿರುವ ಡಿಜಿಟಲ್ ದಾಖಲೆ, ಇಲ್ಲದ ಆಸ್ತಿಯ ನೋಂದಣಿ ಮಾತ್ರ ನಿಂತೇ ಇತ್ತು. ಬೆಳಗಾವಿಯಲ್ಲಿ ಮನೆ ಕೊಳ್ಳಲು ಹೊರಟ ಕುಟುಂಬಕ್ಕೆ ಈ ಸುದ್ದಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಂದನ್ನು ಓದಿದರೆ ಈಗಲೇ ಕೊಳ್ಳಬೇಕು ಅನ್ನಿಸುತ್ತದೆ, ಮತ್ತೊಂದನ್ನು ಓದಿದರೆ ಇನ್ನೊಂದು ವರ್ಷ ತಡೆಯೋಣ ಅನ್ನಿಸುತ್ತದೆ.

ಮಾರಾಟ ಕಡಿಮೆಯಾದರೆ ಬೆಲೆಯೂ ಇಳಿಯಬೇಕು ಎಂಬುದು ಸಹಜವಾದ ಎಣಿಕೆ. ಕೊಳ್ಳುವವರು ಹಿಂದೆ ಸರಿದು ಮಾರಾಟ ಕುಗ್ಗಿದ್ದರೆ ಈ ಎಣಿಕೆ ಸರಿ. ಮಾರಬಹುದಾದ ಆಸ್ತಿಯೇ ಕಡಿಮೆಯಾಗಿ ಮಾರಾಟ ಕುಗ್ಗಿದ್ದರೆ ಬೆಲೆ ಏರುತ್ತದೆ. ಬೆಳಗಾವಿಯಲ್ಲಿ ಎರಡನೆಯ ಕಾರಣದ ಕೈಯೇ ಮೇಲಾಗಿದೆ. ಇಲ್ಲಿ ಮನೆಗಳಿಗೂ ಖಾಲಿ ಜಾಗಕ್ಕೂ ಕೊರತೆಯಿಲ್ಲ. ಕೊರತೆ ಇರುವುದು ಕಾಗದಪತ್ರ ಸರಿಯಿರುವ ಆಸ್ತಿಗೆ.

ಮಹಾನಗರದ ಅಂಕಿ ನಮ್ಮ ಊರಿಗೆ ಹೊಂದದು

ಖಾಸಗಿ ಸಲಹಾ ಸಂಸ್ಥೆಗಳು ಮೂರು ತಿಂಗಳಿಗೊಮ್ಮೆ ಪ್ರಕಟಿಸುವ ವರದಿಗಳು ಏಳೆಂಟು ದೊಡ್ಡ ನಗರಗಳಿಗೆ ಸೀಮಿತ. ಕರ್ನಾಟಕದಿಂದ ಅವುಗಳಲ್ಲಿ ಸೇರುವುದು ಬೆಂಗಳೂರು ಒಂದೇ. ಆ ವರದಿಗಳು ಎಣಿಸುವುದು ಮುಖ್ಯವಾಗಿ ಬಿಲ್ಡರ್‌ಗಳು ಕಟ್ಟುವ ಫ್ಲ್ಯಾಟುಗಳನ್ನು. ಮಾರಾಟವಾಗದೆ ಉಳಿದ ಫ್ಲ್ಯಾಟುಗಳ ಸಂಖ್ಯೆಯನ್ನು ತಿಂಗಳ ಸರಾಸರಿ ಮಾರಾಟದಿಂದ ಭಾಗಿಸಿ, ಇರುವ ದಾಸ್ತಾನು ಖಾಲಿಯಾಗಲು ಎಷ್ಟು ತಿಂಗಳು ಬೇಕೆಂದು ಲೆಕ್ಕ ಹಾಕುತ್ತಾರೆ. ತಿಂಗಳುಗಳು ಹೆಚ್ಚಾದರೆ ಕೊಳ್ಳುವವರಿಗೆ ಚೌಕಾಸಿ ಮಾಡುವ ಬಲ ಬರುತ್ತದೆ, ಕಡಿಮೆಯಾದರೆ ಮಾರುವವರದೇ ಮಾತು.

ಬೆಳಗಾವಿಯಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ಟಿಳಕವಾಡಿ, ಹಿಂದವಾಡಿ, ಭಾಗ್ಯನಗರ, ಸದಾಶಿವನಗರಗಳಲ್ಲಿ ಹಳೆಯ ಮನೆಗಳು ಬಿದ್ದು ಅಪಾರ್ಟ್‌ಮೆಂಟುಗಳು ಎದ್ದಿರುವುದು ನಿಜ. ಆದರೂ ಇಲ್ಲಿನ ಬಹುಪಾಲು ಕುಟುಂಬಗಳು ಇಂದಿಗೂ ಹುಡುಕುವುದು ಎನ್.ಎ. (ಕೃಷಿಯೇತರ ಬಳಕೆಗೆ ಪರಿವರ್ತಿಸಿದ) ಪ್ಲಾಟನ್ನು, ಇಲ್ಲವೇ ಕಟ್ಟಿ ಮುಗಿಸಿದ ಸ್ವತಂತ್ರ ಮನೆಯನ್ನು. ಹೂಡಿಕೆಗೆಂದು ಕೊಂಡು ಖಾಲಿ ಬಿಟ್ಟ ಪ್ಲಾಟು ಯಾವ ದಾಸ್ತಾನಿನ ಪಟ್ಟಿಯಲ್ಲೂ ಸೇರುವುದಿಲ್ಲ. ಮಾಲೀಕ ನಾಳೆ ಅದನ್ನು ಮಾರಬಹುದು, ಇಪ್ಪತ್ತು ವರ್ಷ ಹಾಗೆಯೇ ಇಟ್ಟುಕೊಳ್ಳಬಹುದು. ಸಾಲ ಮಾಡಿ ಕಟ್ಟಿದ ಬಿಲ್ಡರ್‌ಗೆ ಬಡ್ಡಿಯ ಹೊರೆಯಿದೆ, ಫ್ಲ್ಯಾಟು ಮಾರಾಟವಾಗದಿದ್ದರೆ ದರ ಇಳಿಸಲೇಬೇಕಾಗುತ್ತದೆ. ಉಳಿತಾಯದ ಹಣದಿಂದ ಪ್ಲಾಟು ಕೊಂಡವನಿಗೆ ಆ ಒತ್ತಡವಿಲ್ಲ. ಖಾಲಿ ಜಾಗದ ತೆರಿಗೆ ಅವನನ್ನು ಅವಸರಪಡಿಸುವಷ್ಟು ಭಾರವೂ ಅಲ್ಲ. ಬೇಡಿಕೆ ತಗ್ಗಿದ ವರ್ಷದಲ್ಲಿ ಅವನು ದರ ಇಳಿಸುವುದಿಲ್ಲ, ಮಾರುವುದನ್ನೇ ನಿಲ್ಲಿಸುತ್ತಾನೆ. ಹೀಗಾಗಿ ಪ್ಲಾಟುಗಳೇ ಪ್ರಧಾನವಾದ ಮಾರುಕಟ್ಟೆಯಲ್ಲಿ ಮಾರಾಟ ಬೇಗ ಕುಸಿಯುತ್ತದೆ, ಬೆಲೆ ಬಹಳ ನಿಧಾನವಾಗಿ ಕದಲುತ್ತದೆ.

ಎರಡು ವರ್ಷದಲ್ಲಿ ನೋಂದಣಿ ವೆಚ್ಚ ಏರಿದ ಬಗೆ

2023ರ ಅಕ್ಟೋಬರ್ 1ರಿಂದ ರಾಜ್ಯ ಸರ್ಕಾರ ಸ್ಥಿರಾಸ್ತಿಗಳ ಮಾರ್ಗಸೂಚಿ ದರವನ್ನು (ನೋಂದಣಿಗೆ ಸರ್ಕಾರ ಗೊತ್ತುಮಾಡುವ ಕನಿಷ್ಠ ಮೌಲ್ಯವನ್ನು) ಸರಾಸರಿ ಶೇ 25ರಿಂದ 30ರಷ್ಟು ಏರಿಸಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ಮುದ್ರಾಂಕ ಶುಲ್ಕ ಶೇ 5ರಷ್ಟೇ ಉಳಿಯಿತು. ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರ ಪ್ರದೇಶದಲ್ಲಿ ಒಟ್ಟು ವೆಚ್ಚ ಶೇ 6.6ರಿಂದ ಶೇ 7.6ಕ್ಕೆ ಬಂದಿತು.

ಒಂದೇ ಶೇಕಡಾ ತಾನೇ ಎಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಎರಡು ಏರಿಕೆಗಳು ಒಂದರ ಮೇಲೊಂದು ಕೂತಿವೆ. ಮೊದಲು 30 ಲಕ್ಷ ರೂಪಾಯಿ ಮಾರ್ಗಸೂಚಿ ಮೌಲ್ಯವಿದ್ದ ಮನೆಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಆಗ ಅದರ ನೋಂದಣಿಗೆ ತಗಲುತ್ತಿದ್ದುದು 1.98 ಲಕ್ಷ. ಮಾರ್ಗಸೂಚಿ ದರ ಶೇ 30ರಷ್ಟು ಏರಿ 39 ಲಕ್ಷವಾದರೆ, ಈಗಿನ ದರದಲ್ಲಿ ಕಟ್ಟಬೇಕಾದದ್ದು ಸುಮಾರು 2.96 ಲಕ್ಷ. ಅದೇ ಮನೆ, ಅದೇ ಗೋಡೆ, ಆದರೆ ನೋಂದಣಿಯ ಖರ್ಚು ಅರ್ಧದಷ್ಟು ಹೆಚ್ಚಾಗಿದೆ.

ಮಾರ್ಗಸೂಚಿ ದರದ ಏರಿಕೆಗೆ ಇನ್ನೊಂದು ಪರಿಣಾಮವಿದೆ. ಅದು ಅಂಕಿಅಂಶ ಓದುವವರನ್ನು ದಾರಿ ತಪ್ಪಿಸುತ್ತದೆ. ಅನೇಕ ವ್ಯವಹಾರಗಳಲ್ಲಿ ನಿಜವಾಗಿ ಕೈ ಬದಲಾಯಿಸುವ ಹಣಕ್ಕಿಂತ ಕಡಿಮೆ ಮೊತ್ತವನ್ನು, ಮಾರ್ಗಸೂಚಿ ದರಕ್ಕೆ ಸರಿಹೊಂದುವಂತೆ, ಪತ್ರದಲ್ಲಿ ಬರೆಯುವುದು ಎಲ್ಲರಿಗೂ ತಿಳಿದ ಸಂಗತಿ. ಆ ದರ ಏರಿದ ದಿನವೇ ಪತ್ರದಲ್ಲಿನ ಮೊತ್ತವೂ ಏರುತ್ತದೆ. ದಾಖಲೆ ನೋಡಿದವರಿಗೆ ಊರಿನ ಬೆಲೆ ರಾತ್ರೋರಾತ್ರಿ ಕಾಲು ಭಾಗ ಹೆಚ್ಚಿದಂತೆ ಕಾಣುತ್ತದೆ. ವಾಸ್ತವದಲ್ಲಿ ಮೊದಲು ಮರೆಯಲ್ಲಿದ್ದ ಮೊತ್ತದ ಒಂದು ಪಾಲು ಬೆಳಕಿಗೆ ಬಂದಿರುತ್ತದೆ, ಅಷ್ಟೆ. ಇದು ಒಳ್ಳೆಯ ಬೆಳವಣಿಗೆಯೇ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ; ಪತ್ರದ ಮೊತ್ತ ಮತ್ತು ನಿಜವಾದ ಮೊತ್ತ ಹತ್ತಿರವಾದಷ್ಟೂ ಸಂಬಳದಾರ ಕೊಳ್ಳುಗನಿಗೆ ಬ್ಯಾಂಕ್ ಸಾಲ ಪಡೆಯುವುದು ಸುಲಭ.

ಇ-ಖಾತಾ ಬಂದ ಮೇಲೆ

ಬೆಲೆಗಿಂತ ಹೆಚ್ಚಾಗಿ ಮಾರಾಟವನ್ನು ತಟ್ಟಿದ್ದು ಇ-ಖಾತಾ ನಿಯಮ. 2024ರ ಅಕ್ಟೋಬರ್‌ನಿಂದ ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯ ಆಸ್ತಿಯಾದರೆ ಇ-ಆಸ್ತಿ ತಂತ್ರಾಂಶದ ಖಾತಾ, ಗ್ರಾಮ ಪಂಚಾಯಿತಿಯ ಆಸ್ತಿಯಾದರೆ ಇ-ಸ್ವತ್ತು ದಾಖಲೆ ಇಲ್ಲದೆ ಉಪನೋಂದಣಿ ಕಚೇರಿಯಲ್ಲಿ ಕೆಲಸ ಮುಂದುವರಿಯುವುದಿಲ್ಲ. ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ಆಸ್ತಿಯ ವಿವರವನ್ನು ನೇರವಾಗಿ ಆ ದಾಖಲೆಗಳಿಂದಲೇ ಎತ್ತಿಕೊಳ್ಳುತ್ತದೆ. ಒಂದೇ ಪ್ಲಾಟನ್ನು ಇಬ್ಬರಿಗೆ ಮಾರುವುದು, ಸತ್ತವರ ಹೆಸರಿನಲ್ಲಿ ಸಹಿ ಹಾಕಿಸುವುದು, ಸರ್ಕಾರಿ ಜಾಗವನ್ನು ಖಾಸಗಿ ಎಂದು ತೋರಿಸುವುದು ಇವೆಲ್ಲ ನಡೆಯುತ್ತಿದ್ದುದು ಕಾಗದದ ಖಾತಾದ ಕಾಲದಲ್ಲಿ. ಅವನ್ನು ತಡೆಯಲು ಇದಕ್ಕಿಂತ ಸರಳವಾದ ದಾರಿ ಇರಲಿಲ್ಲ.

ಆದರೆ ಬೆಳಗಾವಿಯ ಹಳೆಯ ಭಾಗಗಳಲ್ಲಿ ಈ ನಿಯಮ ಎಲ್ಲಿ ತಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಶಹಾಪುರ, ಖಾಸಬಾಗ, ವಡಗಾವಿಗಳಲ್ಲಿ ನೇಕಾರರ ಮನೆಗಳಿವೆ, ಅವಿಭಕ್ತ ಕುಟುಂಬಗಳ ಹಳೆಯ ವಾಡೆಗಳಿವೆ. ಇಂಥ ಅನೇಕ ಮನೆಗಳ ಸಿಟಿ ಸರ್ವೆ ಉತಾರದಲ್ಲಿ (ಹಕ್ಕು ದಾಖಲೆಯಲ್ಲಿ) ಇಂದಿಗೂ ಅಜ್ಜನ ಹೆಸರೇ ಇರುತ್ತದೆ. ಅಜ್ಜ ತೀರಿಕೊಂಡ ಮೇಲೆ ಮಕ್ಕಳು ವಾರಸಾ (ದಾಖಲೆಯಲ್ಲಿ ವಾರಸುದಾರರ ಹೆಸರು ಸೇರಿಸುವುದು) ಮಾಡಿಸಿರುವುದಿಲ್ಲ. ಮನೆಯನ್ನು ಬಾಯಿಮಾತಿನಲ್ಲೇ ಹಂಚಿಕೊಂಡು, ನಡುವೆ ಗೋಡೆ ಎಬ್ಬಿಸಿ, ಬೇರೆ ಬೇರೆ ಬಾಗಿಲು ಇಟ್ಟುಕೊಂಡಿರುತ್ತಾರೆ. ಪಾಲಿಕೆಗೆ ತೆರಿಗೆ ಕಟ್ಟುವವರು ಒಬ್ಬರು, ವಾಸ ಮಾಡುವವರು ಇನ್ನೊಬ್ಬರು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಾನ ಹಕ್ಕು ನೀಡಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ಆ ಹಕ್ಕನ್ನು ಇನ್ನಷ್ಟು ಗಟ್ಟಿ ಮಾಡಿತು. ಹಾಗಾಗಿ ಮದುವೆಯಾಗಿ ಕೊಲ್ಹಾಪುರಕ್ಕೋ ಹುಬ್ಬಳ್ಳಿಗೋ ಹೋದ ಅತ್ತೆಯಂದಿರು, ಅವರು ಇಲ್ಲವಾಗಿದ್ದರೆ ಅವರ ಮಕ್ಕಳು, ಎಲ್ಲರೂ ಸಹಿ ಹಾಕಬೇಕು. ಅದು ಅವರ ನ್ಯಾಯಬದ್ಧ ಹಕ್ಕು. ಇಷ್ಟು ವರ್ಷ ಅವರನ್ನು ಕೇಳದೆಯೇ ಮಾರುತ್ತಿದ್ದುದೇ ತಪ್ಪು. ಆದರೆ ಒಂದು ಸಹಿ ಬರದಿದ್ದರೂ ಖಾತಾ ಆಗುವುದಿಲ್ಲ, ಖಾತಾ ಆಗದಿದ್ದರೆ ಮಾರಾಟವಾಗುವುದಿಲ್ಲ. ಮಾರುವ ಮನಸ್ಸಿರುವ ಮನೆಗಳು ಹೀಗೆ ಮಾರುಕಟ್ಟೆಯಿಂದ ಹೊರಗುಳಿಯುತ್ತವೆ.

ಇದರ ಜೊತೆಗೆ ಇನ್ನೊಂದು ತಡೆ ಸೇರಿಕೊಂಡಿತು. ಸ್ವಾಧೀನಾನುಭವ ಪ್ರಮಾಣಪತ್ರ (ಕಟ್ಟಡ ಅನುಮೋದಿತ ನಕ್ಷೆಯಂತಿದೆ, ವಾಸಿಸಬಹುದು ಎಂಬ ಪತ್ರ) ಇಲ್ಲದ ಕಟ್ಟಡಗಳಿಗೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದು ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರಲ್ಲಿ ರಾಜ್ಯದ ವಿದ್ಯುತ್ ಕಂಪನಿಗಳು ಅದನ್ನು ಪಾಲಿಸತೊಡಗಿದವು. ನಕ್ಷೆ ಮೀರಿ ಕಟ್ಟಿದ ಮನೆ ಪೂರ್ಣಗೊಂಡರೂ ಮೀಟರ್ ಸಿಗದಂತಾಯಿತು. ಕಟ್ಟಿ ಮಾರುವ ಸಣ್ಣ ಗುತ್ತಿಗೆದಾರರ ಬಂಡವಾಳ ಅಲ್ಲಿಯೇ ಸಿಕ್ಕಿಬಿದ್ದರೆ ಮುಂದಿನ ಮನೆಗೆ ಅವರು ಕೈ ಹಾಕುವುದಾದರೂ ಹೇಗೆ?

ಈ ಸಾಲು ತಡೆಗಳನ್ನು ದಾಟಿ ಬರುವ ಆಸ್ತಿಗೆ ಸಹಜವಾಗಿಯೇ ಬೆಲೆ ಹೆಚ್ಚು. ಇ-ಖಾತಾ, ಎನ್.ಎ. ಆದೇಶ, ಅನುಮೋದಿತ ಬಡಾವಣೆ ನಕ್ಷೆ, ಋಣಭಾರ ಪ್ರಮಾಣಪತ್ರ ಎಲ್ಲವೂ ಸರಿಯಿರುವ ಪ್ಲಾಟಿನ ಮಾಲೀಕನ ಬಳಿ ನಾಲ್ಕು ಗಿರಾಕಿಗಳು ನಿಂತಿರುತ್ತಾರೆ. ಪಕ್ಕದ ಸರ್ವೆ ನಂಬರಿನ ಗುಂಟೆ ಪ್ಲಾಟನ್ನು, ಅಂದರೆ ಎನ್.ಎ. ಆಗದ ಜಮೀನಿನ ತುಂಡನ್ನು, ಕೇಳುವವರಿಲ್ಲ. ನೋಂದಣಿ ಅಂಕಿಯಲ್ಲಿ ಕಾಣುವುದು ಮೊದಲನೆಯದರ ಬೆಲೆ ಮಾತ್ರ. ಎರಡನೆಯದರ ಬೆಲೆ ಕುಸಿದಿದ್ದರೂ ಅದು ಎಲ್ಲಿಯೂ ದಾಖಲಾಗುವುದಿಲ್ಲ.

ಬಾಂಡ್ ಪೇಪರಿನ ಪ್ಲಾಟುಗಳ ಗತಿ

ಕೃಷಿ ಜಮೀನನ್ನು ಎನ್.ಎ. ಮಾಡಿಸದೆ, ರಸ್ತೆ-ಉದ್ಯಾನಕ್ಕೆ ಜಾಗ ಬಿಡದೆ, ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಬಾಂಡ್ ಪೇಪರಿನ (ನೋಂದಣಿಯಾಗದ ಛಾಪಾ ಕಾಗದದ) ಮೇಲೆ ಬರೆದುಕೊಡುವ ವ್ಯವಹಾರ ಬೆಳಗಾವಿಯ ಸುತ್ತ ದಶಕಗಳಿಂದ ನಡೆದಿದೆ. ಕೊಂಡವರು ಬಹುತೇಕ ಕಾರ್ಖಾನೆ ಕಾರ್ಮಿಕರು, ನೇಕಾರರು, ಹಳ್ಳಿ ಬಿಟ್ಟು ಬಂದ ಕುಟುಂಬಗಳು. ಅನುಮೋದಿತ ಬಡಾವಣೆಯ ದರ ಅವರ ಕೈಗೆ ಎಟುಕುತ್ತಿರಲಿಲ್ಲ. ಕಾನೂನು ಈ ವಿಷಯದಲ್ಲಿ ಸ್ಪಷ್ಟ: ನೂರು ರೂಪಾಯಿಗೆ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಪತ್ರದಿಂದಲೇ ಆಗಬೇಕು. ಮುಕ್ತ್ಯಾರ ಪತ್ರ ಮತ್ತು ಕರಾರು ಪತ್ರಗಳಿಂದ ಮಾಲೀಕತ್ವ ಬರುವುದಿಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಇಂಥ ಮನೆಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆಗೆ 2017ರಲ್ಲಿ ಅದೇ ನ್ಯಾಯಾಲಯ ತಡೆ ನೀಡಿತು.

2025ರ ಫೆಬ್ರುವರಿಯಲ್ಲಿ ಸರ್ಕಾರ ನಗರ ಪ್ರದೇಶದ ಅನಧಿಕೃತ ಆಸ್ತಿಗಳಿಗೆ ಬಿ-ಖಾತಾ ನೀಡುವ ಅಭಿಯಾನ ಆರಂಭಿಸಿತು. ನೋಂದಾಯಿತ ಪತ್ರವಿರುವ, 2024ರ ಸೆಪ್ಟೆಂಬರ್ 10ಕ್ಕಿಂತ ಹಿಂದಿನ ಆಸ್ತಿಗಳಿಗೆ ಅದು ಅನ್ವಯ. ಬೆಳಗಾವಿಯಲ್ಲಿ ತೊಡಕು ಬರುವುದು ಇಲ್ಲಿಯೇ. ಅನಧಿಕೃತ ಬಡಾವಣೆಯಲ್ಲಿದ್ದರೂ ನೋಂದಣಿಯಾದ ಪ್ಲಾಟಿಗೆ ಬಿ-ಖಾತಾದ ದಾರಿಯಿದೆ. ಕೇವಲ ಬಾಂಡ್ ಪೇಪರ್ ಇದ್ದವರಿಗೆ ಅದೂ ಇಲ್ಲ. ಉತಾರ ಇಂದಿಗೂ ಮೂಲ ರೈತನ ಹೆಸರಿನಲ್ಲಿದೆ. ಆ ರೈತನ ಮಕ್ಕಳು ಈಗಿನ ದರ ನೋಡಿ ಮತ್ತೆ ಹಣ ಕೇಳಿದರೆ, ಒಮ್ಮೆ ಪೂರ್ತಿ ಹಣ ಕೊಟ್ಟ ಕುಟುಂಬದ ಕೈಯಲ್ಲಿ ಬಲವಾದ ಆಧಾರವಿರುವುದಿಲ್ಲ. ಬಿ-ಖಾತಾ ಸಿಕ್ಕಿದರೂ ಆಸ್ತಿ ಸಕ್ರಮವಾದಂತಲ್ಲ. ಅದು ತೆರಿಗೆ ಕಟ್ಟಲು, ಕೈ ಬದಲಾಯಿಸಲು ನೆರವಾಗುತ್ತದೆ; ಬ್ಯಾಂಕುಗಳು ಅದರ ಮೇಲೆ ಸಾಲ ಕೊಡಲು ಹಿಂಜರಿಯುತ್ತವೆ. ಸಾಲ ಸಿಗದ ಆಸ್ತಿಗೆ ನಗದು ಇದ್ದವರಷ್ಟೇ ಗಿರಾಕಿ, ಬೆಲೆಯನ್ನು ನಿರ್ಧರಿಸುವವರೂ ಅವರೇ.

ಊರು ಎತ್ತ ಬೆಳೆಯಬೇಕು?

ಹೊಸ, ಸಕ್ರಮ ನಿವೇಶನಗಳು ಸಾಕಷ್ಟು ಬಂದಿದ್ದರೆ ಈ ಬಿಕ್ಕಟ್ಟು ಇಷ್ಟು ತೀವ್ರವಾಗುತ್ತಿರಲಿಲ್ಲ. ಬೆಳಗಾವಿಯ ಭೂಗೋಳವೇ ಅದಕ್ಕೆ ಒಂದು ಮಿತಿ. ಊರಿನ ನಡುವೆಯೇ ದಂಡು ಪ್ರದೇಶವಿದೆ, ಮರಾಠಾ ಲಘು ಪದಾತಿದಳದ ಕೇಂದ್ರವಿದೆ. ಪೂರ್ವದಲ್ಲಿ ಸಾಂಬ್ರಾ ವಾಯುಪಡೆ ನೆಲೆ ಮತ್ತು ವಿಮಾನ ನಿಲ್ದಾಣ. ದಕ್ಷಿಣಕ್ಕೆ ಯಳ್ಳೂರು, ಅನಗೋಳ, ವಡಗಾವಿ ಕಡೆಯ ಫಲವತ್ತಾದ ಭತ್ತದ ಗದ್ದೆಗಳು. ಬಳ್ಳಾರಿ ನಾಲೆ ಉಕ್ಕಿದಾಗಲೆಲ್ಲ ಅವು ಮುಳುಗುತ್ತವೆ. ಹಲಗಾ-ಮಚ್ಛೆ ಬೈಪಾಸ್ ವಿರುದ್ಧ ರೈತರು ಬೀದಿಯಲ್ಲೂ ನ್ಯಾಯಾಲಯದಲ್ಲೂ ಹೋರಾಡಿದ್ದು ಈ ಮಣ್ಣಿಗಾಗಿಯೇ. ಪ್ರತಿ ವರ್ಷ ಬೆಳೆ ಕೊಡುವ ನೆಲವನ್ನು ರಸ್ತೆಗೋ ಬಡಾವಣೆಗೋ ಬಿಟ್ಟುಕೊಡಿ ಎಂದು ಕೇಳುವ ಮೊದಲು ನಗರ ತನ್ನೊಳಗಿನ ಖಾಲಿ ಪ್ಲಾಟುಗಳನ್ನು ಎಣಿಸಬೇಕಿತ್ತು. ಆ ಎಣಿಕೆ ಆಗದೆಯೇ ಹೊರವಲಯ ಹಿಗ್ಗುತ್ತಿದೆ.

ನಗರಾಭಿವೃದ್ಧಿ ಪ್ರಾಧಿಕಾರದ ಕಣಬರ್ಗಿ ಬಡಾವಣೆ ಯೋಜನೆ ಭೂಮಾಲೀಕರ ತಕರಾರಿನಿಂದ ವರ್ಷಗಟ್ಟಲೆ ಕುಂಟಿತು. ಸರ್ಕಾರಿ ನಿವೇಶನ ಸಕಾಲಕ್ಕೆ ಸಿಗದಿದ್ದಾಗ ಜನ ಖಾಸಗಿ ಬಡಾವಣೆಗಳತ್ತ ಹೊರಳಿದರು. ಅದಕ್ಕೂ ಹಣ ಸಾಲದವರು ಗುಂಟೆ ಪ್ಲಾಟುಗಳತ್ತ. 2020ರಲ್ಲಿ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯಿಂದ ಕೃಷಿಕರಲ್ಲದವರಿಗೂ ಕೃಷಿ ಜಮೀನು ಕೊಳ್ಳುವ ಅವಕಾಶ ಸಿಕ್ಕಿ, ಹೊರವಲಯದ ಎಕರೆ ದರಕ್ಕೆ ಇನ್ನಷ್ಟು ಜನ ಪೈಪೋಟಿಗೆ ಇಳಿದರು. ಮೂಲ ಜಮೀನಿನ ದರ ಏರಿದರೆ ಅದರಲ್ಲಿ ಮಾಡುವ ಬಡಾವಣೆಯ ಪ್ಲಾಟು ಅಗ್ಗವಾಗುವುದು ಸಾಧ್ಯವಿಲ್ಲ. ಹಲಗಾ-ಬಸ್ತವಾಡದಲ್ಲಿ ಸುವರ್ಣ ವಿಧಾನಸೌಧ 2012ರಲ್ಲಿ ಉದ್ಘಾಟನೆಯಾದಾಗ, 2025ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ವಂದೇ ಭಾರತ್ ರೈಲು ಹೊರಟಾಗ, ಪ್ರತಿ ಬಾರಿಯೂ ಅಭಿವೃದ್ಧಿಯ ಭರವಸೆ ಮೊದಲು ತಟ್ಟಿದ್ದು ಜಮೀನಿನ ದರಕ್ಕೆ. ಉದ್ಯೋಗ ಬರುವುದು ತಡವಾಗುತ್ತದೆ, ದರ ಕಾಯುವುದಿಲ್ಲ.

ಬಡ್ಡಿ ಇಳಿಕೆಯ ಲಾಭ ಎಷ್ಟು?

ರೆಪೊ ದರ 2025ರ ಆರಂಭದಲ್ಲಿ ಶೇ 6.5 ಇತ್ತು, ಡಿಸೆಂಬರ್ ಹೊತ್ತಿಗೆ ಶೇ 5.25ಕ್ಕೆ ಇಳಿಯಿತು. ಗೃಹಸಾಲದ ಬಡ್ಡಿ ಶೇ 9ರಿಂದ ಶೇ 8ಕ್ಕೆ ಬಂದಿತೆಂದು ಇಟ್ಟುಕೊಂಡರೆ, 20 ವರ್ಷದ 30 ಲಕ್ಷ ಸಾಲದ ತಿಂಗಳ ಕಂತು ಸುಮಾರು 26,990 ರೂಪಾಯಿಯಿಂದ 25,090ಕ್ಕೆ ಇಳಿಯುತ್ತದೆ. ತಿಂಗಳಿಗೆ 1,900 ರೂಪಾಯಿ ಉಳಿತಾಯ ಸಣ್ಣದಲ್ಲ. ಆದರೆ ಈ ಲಾಭ ಬರುವುದು ಇಪ್ಪತ್ತು ವರ್ಷಗಳ ಉದ್ದಕ್ಕೆ, ಚೂರುಚೂರಾಗಿ. ನೋಂದಣಿ ವೆಚ್ಚ ಕಟ್ಟಬೇಕಾದದ್ದು ಒಂದೇ ದಿನ, ಸ್ವಂತ ಜೇಬಿನಿಂದ.

40 ಲಕ್ಷದ ಸ್ವತಂತ್ರ ಮನೆಗೆ ರಿಸರ್ವ್ ಬ್ಯಾಂಕಿನ ಮಿತಿಯಂತೆ ಶೇ 80, ಅಂದರೆ 32 ಲಕ್ಷ ಸಾಲ ಸಿಗಬಹುದು. ಉಳಿದ 8 ಲಕ್ಷದ ಮೇಲೆ ನೋಂದಣಿಗೆ 3.04 ಲಕ್ಷ ಬೇಕು. ಈ ಬೆಲೆಯ ಮನೆಗೆ ಸಾಲದ ಮಿತಿ ಲೆಕ್ಕ ಹಾಕುವಾಗ ಮುದ್ರಾಂಕ ಮತ್ತು ನೋಂದಣಿ ಶುಲ್ಕವನ್ನು ಬೆಲೆಯೊಳಗೆ ಸೇರಿಸುವುದಿಲ್ಲ. ಹನ್ನೊಂದು ಲಕ್ಷ ಕೂಡಿಡಲು ಶಿಕ್ಷಕ ದಂಪತಿಗೆ ಎಷ್ಟು ವರ್ಷ ಬೇಕೆಂದು ಯೋಚಿಸಿದರೆ, ಬಡ್ಡಿ ಇಳಿದರೂ ಮಾರಾಟ ಏಕೆ ಚಿಗುರಲಿಲ್ಲ ಎಂಬುದು ತಿಳಿಯುತ್ತದೆ. ಮೊದಲ ಬಾರಿ ನೋಂದಣಿಯಾಗುವ, 20ರಿಂದ 45 ಲಕ್ಷದವರೆಗಿನ ಫ್ಲ್ಯಾಟಿಗೆ ಮಾತ್ರ ಮುದ್ರಾಂಕ ಶುಲ್ಕ ಶೇ 3. ಪ್ಲಾಟನ್ನೇ ಹುಡುಕುತ್ತಿದ್ದ ಮಧ್ಯಮ ವರ್ಗದ ಒಂದು ಪಾಲು ಫ್ಲ್ಯಾಟಿನತ್ತ ಮುಖ ಮಾಡಲು ಈ ವ್ಯತ್ಯಾಸವೂ ಒಂದು ಕಾರಣವಾಗಬಲ್ಲದು.

ಯಾರ ವಾದ ಏನು?

ಸರ್ಕಾರದ ವಾದ ಸರಳ: ತಮಿಳುನಾಡಿನಂಥ ನೆರೆಯ ರಾಜ್ಯಗಳಿಗೆ ಹೋಲಿಸಿದರೆ ನಮ್ಮ ನೋಂದಣಿ ವೆಚ್ಚ ಹೆಚ್ಚಿಲ್ಲ, ದಾಖಲೆ ಡಿಜಿಟಲ್ ಆದರೆ ವಂಚನೆ ನಿಲ್ಲುತ್ತದೆ. ನಿರ್ಮಾಣ ಉದ್ಯಮದವರ ಪ್ರಕಾರ ಶುಲ್ಕ ಮತ್ತು ಅನುಮತಿಯ ವಿಳಂಬ ಸೇರಿ ಮನೆಯ ದರವನ್ನು ಏರಿಸುತ್ತಿವೆ, ಕೊನೆಗೆ ಅದನ್ನು ತೆರುವುದು ಗ್ರಾಹಕನೇ. ಎಸ್ಟೇಟ್ ಏಜೆಂಟರು ಇ-ಖಾತಾವನ್ನೇ ಎಲ್ಲ ಸಂಕಟದ ಮೂಲವೆಂದು ಹೇಳುತ್ತಾರೆ. ಈ ಕೊನೆಯ ಮಾತನ್ನು ಒಪ್ಪುವುದು ಕಷ್ಟ. ಇ-ಖಾತಾ ತೊಡಕನ್ನು ಹುಟ್ಟಿಸಲಿಲ್ಲ, ಮೊದಲೇ ಇದ್ದ ತೊಡಕನ್ನು ಮಾರಾಟದ ಮುನ್ನವೇ ಹೊರಗೆಳೆಯಿತು. ಮೊದಲು ಅದು ಹೊರಬೀಳುತ್ತಿದ್ದುದು ಹಣ ಕೊಟ್ಟ ಮೇಲೆ, ನ್ಯಾಯಾಲಯದಲ್ಲಿ. ಆದರೆ ಶುಲ್ಕವನ್ನು ಇಮ್ಮಡಿಗೊಳಿಸುವ ಹೊತ್ತಿಗೆ ಖಾತಾ ಕೊಡುವ ಪಾಲಿಕೆಯ ಕೌಂಟರುಗಳಲ್ಲಿ, ಸರ್ವೆ ವಿಭಾಗದಲ್ಲಿ ಸಿಬ್ಬಂದಿಯನ್ನೂ ಹೆಚ್ಚಿಸಿದ್ದರೆ ಸರ್ಕಾರದ ವಾದಕ್ಕೆ ತೂಕ ಬರುತ್ತಿತ್ತು.

ತಿಂಗಳ ಅಂಕಿಯನ್ನು ನಂಬುವ ಮುನ್ನ

ನೋಂದಣಿ ಸಂಖ್ಯೆ ಒಂದು ತಿಂಗಳು ಅರ್ಧಕ್ಕೆ ಇಳಿಯಿತು ಎಂಬ ಸುದ್ದಿ ಬಂದರೆ ಪಂಚಾಂಗವನ್ನೂ ಒಮ್ಮೆ ನೋಡಬೇಕು. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಇಲ್ಲಿ ಆಸ್ತಿ ಕೊಳ್ಳುವವರು ವಿರಳ. ದಸರಾ, ಬಲಿಪಾಡ್ಯಮಿ, ಯುಗಾದಿ, ಅಕ್ಷಯ ತೃತೀಯಕ್ಕೆ ಕಚೇರಿಗಳು ತುಂಬುತ್ತವೆ. ದರ ಏರುವ ಮುನ್ನ ಜನ ಮುಗಿಬಿದ್ದು ನೋಂದಣಿ ಮಾಡಿಸುವುದರಿಂದ ಮುಂದಿನ ತಿಂಗಳು ಬರಿದಾಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಶುಲ್ಕದ ಮೊದಲ ತಿಂಗಳು ಮತ್ತು ಪಿತೃಪಕ್ಷ ಒಟ್ಟಿಗೆ ಬಂದಿದ್ದವು. ಜಿಲ್ಲೆಯಲ್ಲಿ ಕಬ್ಬಿನ ಬಿಲ್ಲಿನ ಲೆಕ್ಕವೂ ಇದೆ: ಕಾರ್ಖಾನೆಗಳು ಬಾಕಿ ತೀರಿಸಿದ ಮೇಲೆ ಗೋಕಾಕ, ಚಿಕ್ಕೋಡಿ, ರಾಯಬಾಗ ಕಡೆಯ ಬೆಳೆಗಾರರು ಮಕ್ಕಳ ಓದಿಗೆಂದು ಬೆಳಗಾವಿಯಲ್ಲಿ ಮನೆ ನೋಡುತ್ತಾರೆ. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಧರಣಿ ಕೂತು ಟನ್ನಿಗೆ 3,300 ರೂಪಾಯಿ ಪಡೆದದ್ದು ಸಕ್ಕರೆಯ ಸುದ್ದಿ. ಅದರ ಒಂದು ಎಳೆ ಮನೆ ಮಾರುಕಟ್ಟೆಗೂ ತಲುಪುತ್ತದೆ. ರಾಜ್ಯ ನೌಕರರಿಗೆ 2024ರ ಆಗಸ್ಟ್‌ನಿಂದ ಜಾರಿಯಾದ ಏಳನೇ ವೇತನ ಆಯೋಗದ ಹೆಚ್ಚಳವೂ ಹಾಗೆಯೇ. ವರ್ಷದ ಅಂಕಿಯನ್ನು ಹಿಂದಿನ ವರ್ಷದ ಅಂಕಿಯ ಜೊತೆ ಇಟ್ಟು ನೋಡದೆ ತೀರ್ಮಾನಕ್ಕೆ ಬರಬಾರದು.

ಮುಂದೆ ಏನಾಗಬಹುದು?

ಸದ್ಯಕ್ಕೆ ಹೆಚ್ಚು ಸಂಭವನೀಯವಾದದ್ದು ಬೆಲೆಗಳು ಎರಡು ದಾರಿ ಹಿಡಿಯುವುದು. ದಾಖಲೆ ಸರಿಯಿರುವ ಪ್ಲಾಟು ಮತ್ತು ಮನೆಗಳ ದರ ನಿಲ್ಲುತ್ತದೆ ಅಥವಾ ಏರುತ್ತದೆ. ಬಾಂಡ್ ಪೇಪರಿನ, ವಾರಸಾ ಆಗದ ಆಸ್ತಿಗಳ ದರ ನಿಂತಲ್ಲೇ ಕುಸಿಯುತ್ತದೆ. ಸ್ವಂತ ಮನೆ ಕೈಗೆಟುಕದವರು ಬಾಡಿಗೆಯಲ್ಲೇ ಉಳಿಯುವುದರಿಂದ ಕಾಲೇಜು, ಆಸ್ಪತ್ರೆಗಳ ಸುತ್ತಲಿನ ನೆಹರೂ ನಗರ, ಸದಾಶಿವನಗರದಂಥ ಕಡೆ ಬಾಡಿಗೆಯ ಒತ್ತಡ ಹೆಚ್ಚಬಹುದು. ಉದ್ಯಮಬಾಗ, ಮಚ್ಛೆಯ ಕಾರ್ಖಾನೆಗಳಲ್ಲಿ ದುಡಿಯುವವರು ಪೀರನವಾಡಿ, ಕಂಗ್ರಾಳಿ, ಮುತಗಾಗಳಿಂದಲೂ ಆಚೆಗೆ ಹೋಗಬೇಕಾಗಬಹುದು. ಅಲ್ಲಿ ನಗರದ ನೀರು ಇನ್ನೂ ಹೋಗದ ಕಡೆ ಕೊಳವೆಬಾವಿಯೇ ಗತಿ. ಪ್ಲಾಟಿನಲ್ಲಿ ಉಳಿಸಿದ ಹಣ ಬಸ್ಸಿಗೂ ನೀರಿನ ಟ್ಯಾಂಕರಿಗೂ ಹೋಗುತ್ತದೆ.

ಹಳೆಯ ವಾರಸಾ ಪ್ರಕರಣಗಳು ಇತ್ಯರ್ಥವಾದಂತೆ, ಬಿ-ಖಾತಾಗಳು ಹೆಚ್ಚಿದಂತೆ ತಡೆಹಿಡಿದ ಆಸ್ತಿಗಳು ಒಂದೊಂದಾಗಿ ಮಾರುಕಟ್ಟೆಗೆ ಮರಳುತ್ತವೆ. ಆಗ ಮಾರಾಟದ ಸಂಖ್ಯೆ ಏರಿ, ಬೆಲೆ ಏರಿಕೆಯ ವೇಗ ತಗ್ಗಬಹುದು. ಅಲ್ಲಿಯವರೆಗೆ ಕೊಳ್ಳುವವರು ಸಂಚಕಾರದ ಹಣ ಕೊಡುವ ಮೊದಲೇ ಇ-ಖಾತಾದಲ್ಲಿರುವ ಹೆಸರು ಮಾರುವವರ ಹೆಸರೇ ಎಂದು ನೋಡಬೇಕು. ಬಡಾವಣೆಯಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆಯನ್ನು ಪರಿಶೀಲಿಸಬೇಕು. 500 ಚದರ ಮೀಟರ್‌ಗಿಂತ ದೊಡ್ಡ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆಗೆ ಆ ನೋಂದಣಿ ಕಡ್ಡಾಯ. ಮಾರುವ ಯೋಚನೆಯಿರುವ ಹಳೆಯ ಮನೆಗಳವರು ಗಿರಾಕಿ ಸಿಕ್ಕ ಮೇಲೆ ವಾರಸಾ ಮಾಡಿಸೋಣ ಎಂದು ಕಾಯಬಾರದು. ಎಲ್ಲ ಹಕ್ಕುದಾರರ ಒಪ್ಪಿಗೆ ಪಡೆದು ಹೆಸರು ದಾಖಲಿಸುವ ಕೆಲಸಕ್ಕೆ ತಿಂಗಳುಗಳೇ ಹಿಡಿಯುತ್ತವೆ, ಅಷ್ಟು ದಿನ ಕಾಯುವ ಗಿರಾಕಿ ಸಿಗುವುದು ಅಪರೂಪ.